ಎಲ್ಲ ಮನೆಗೂ 1865

ನಾನು ಉಡುಪಿಯ ಡಿಗ್ರಿ ಕಾಲೇಜೊಂದರಲ್ಲಿ ಇತಿಹಾಸ ಮೇಷ್ಟ್ರು. ಪಾಠ, ಪರೀಕ್ಷೆ, ನ್ಯಾಕ್ ಕಡತ, ಎನ್ನೆಸ್ಸೆಸ್ ಶಿಬಿರ, ಇವೆಲ್ಲದರ ಸಂದಿಯಲ್ಲಿ ಒಂದು ಸಂಶೋಧನಾ ಲೇಖನ ಬರೆದು ಸಾಂಸ್ಕೃತಿಕ ಪರಂಪರೆಯ ಜರ್ನಲ್ ಒಂದಕ್ಕೆ ಕಳಿಸಿದೆ. ಒಂದು ಮಳೆಗಾಲದಲ್ಲಿ ಮುಗಿಯುವ ಕೆಲಸ ಅಂದುಕೊಂಡಿದ್ದೆ. ಎರಡೂವರೆ ವರ್ಷ ಹಿಡಿಯಿತು. ಈಗ ಸ್ಟಾಫ್ ರೂಮಿನಲ್ಲಿ ಕಿರಿಯರು "ಸರ್, ಪೇಪರ್ ಕಳಿಸುವುದು ಹೇಗೆ?" ಅಂತ ಕೇಳುತ್ತಾರೆ. ಲಾಗಿನ್ ಆಗಿ ಫೈಲ್ ಏರಿಸುವುದು ಅರ್ಧ ಗಂಟೆಯ ಕೆಲಸ, ಅದನ್ನು ಯಾರೂ ಕಲಿಸಬೇಕಾಗಿಲ್ಲ. ನನಗೆ ಹೇಳಲಿಕ್ಕಿರುವುದು ಬೇರೆ.

ನನ್ನ ವಿಷಯ ಮಂಗಳೂರು ಹಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಸ್ವಿಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಶುರುಮಾಡಿದ್ದು ಕರಾವಳಿಯ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಹೊಳೆ ದಂಡೆಯ ಜೇಡಿಮಣ್ಣು ಹತ್ತಿರದಲ್ಲೇ ಇತ್ತು, ಸಾಗಿಸಲಿಕ್ಕೆ ದೋಣಿಯೂ ಇತ್ತು. ಮೂರೇ ವರ್ಷದಲ್ಲಿ, 1868ಕ್ಕೆ, ಊರಿನವರೇ ಆದ ಆಲ್ಬುಕರ್ಕ್ ಕುಟುಂಬ ಹಂಚಿನ ಉದ್ಯಮಕ್ಕೆ ಇಳಿಯಿತು. ಮಿಶನ್ನಿನವರು ಮುಂದೆ ನಮ್ಮ ಮಲ್ಪೆಯಲ್ಲೂ ಕಾರ್ಖಾನೆ ಹಾಕಿದರು. ಉಡುಪಿ ಕಡೆಯ ಮನೆಗಳ ಮುಳಿಹುಲ್ಲಿನ ಮಾಡು ಯಾವಾಗ ಹಂಚಿನ ಮಾಡಾಯಿತು ಎಂಬುದಷ್ಟೇ ನನ್ನ ಪ್ರಶ್ನೆ. ಹಳೇ ಮನೆಗಳು ವಾರಕ್ಕೊಂದರಂತೆ ಜೆಸಿಬಿ ಬಾಯಿಗೆ ಬೀಳುತ್ತಿರುವಾಗ ಬೇಗ ಕೇಳಬೇಕಾದ ಪ್ರಶ್ನೆಯೂ ಹೌದು.

ಹಂಚಿನ ತಳಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮುಚ್ಚಿಗೆ ಇಲ್ಲದ ಕಡೆ ಅಟ್ಟ ಹತ್ತಿದರೆ ಹಂಚು ಹೊರುವ ಮರದ ಪಕ್ಕಾಸು, ರೀಪುಗಳ ನಡುವೆ ಅದು ತಲೆಯ ಮೇಲೇ ಕಾಣುತ್ತದೆ. ಟಾರ್ಚನ್ನು ನೇರ ಹಿಡಿದರೆ ಏನೂ ಓದಲಿಕ್ಕಾಗುವುದಿಲ್ಲ. ಹಂಚಿನ ಪಕ್ಕಕ್ಕೆ ಒತ್ತಿಹಿಡಿದು ಬೆಳಕು ಓರೆಯಾಗಿ ಹರಿಯುವಂತೆ ಮಾಡಿದರೆ ನೂರು ವರ್ಷದ ಹೊಗೆ, ಜೇಡರಬಲೆಗಳ ಅಡಿಯಿಂದ ಅಕ್ಷರಗಳು ಒಂದೊಂದೇ ಎದ್ದು ಬರುತ್ತವೆ. ಕಲ್ಯಾಣಪುರದ ಒಂದು ಮನೆಯ ಅಟ್ಟದಲ್ಲಿ ಹೀಗೆ ಮೊದಲ ಸಲ ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865 ಎಂದು ಓದಿದಾಗ ನನಗೆ ಆದ ಖುಷಿಗೆ ತಲೆ ಪಕ್ಕಾಸಿಗೆ ಬಡಿದದ್ದೂ ಗೊತ್ತಾಗಲಿಲ್ಲ.

ಕೆಳಗಿಳಿದು ಮನೆಯ ಯಜಮಾನ್ತಿಗೆ ಹೇಳಿದೆ, "ಅಮ್ಮ, ನಿಮ್ಮ ಮಾಡು 1865ರದ್ದು." ಅವರು ಆ ಸಂಜೆಯೇ ಮುಂಬೈಯ ಮಕ್ಕಳಿಗೆಲ್ಲ ಫೋನು ಮಾಡಿದರು.

ಬ್ರಹ್ಮಾವರ, ಬಾರ್ಕೂರು ಸೇರಿಸಿ 18 ಮನೆ ಹತ್ತಿ ಇಳಿದೆ. ಅರ್ಧಕ್ಕಿಂತ ಹೆಚ್ಚು ಕಡೆ ಅದೇ 1865. ಎಲ್ಲರೂ ಒಂದೇ ವರ್ಷ ಹಂಚು ಹೊದೆಸಿದರಾ, ಅದೂ ಕಾರ್ಖಾನೆ ಕಣ್ಣುಬಿಟ್ಟ ವರ್ಷವೇ? ಈಗ ಕೇಳಿದರೆ ನಗು ಬರುತ್ತದೆ. ಆಗ ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ. ಬೇಕಾದ ಉತ್ತರ ಸಿಕ್ಕಿಬಿಟ್ಟಿತ್ತಲ್ಲ. "ಕರಾವಳಿಯ ಆದಿಕಾಲದ ಹಂಚಿನ ಮನೆಗಳು" ಎಂಬ ಭರ್ಜರಿ ತಲೆಬರಹ ಇಟ್ಟು ಲೇಖನ ಬರೆದು ಮುಗಿಸಿದೆ.

ಬರೆದು ಮುಗಿಸಿದ ಮೇಲೆ ಜರ್ನಲ್ ಹುಡುಕಿದ್ದು ಇನ್ನೊಂದು ಪೆದ್ದುತನ. ಪರಂಪರೆ ಎಂಬ ಹೆಸರು ಹೊತ್ತ ಜರ್ನಲ್‌ಗಳೆಲ್ಲ ಒಂದೇ ಜಾತಿಯವಲ್ಲ. ಎಲ್ಸೆವಿಯರ್‌ನ 'ಜರ್ನಲ್ ಆಫ್ ಕಲ್ಚರಲ್ ಹೆರಿಟೇಜ್' ತರಹದ್ದರಲ್ಲಿ ಸಂರಕ್ಷಣೆಯ ವಿಜ್ಞಾನ, ಹೊಸ ವಿಧಾನಗಳಿಗೆ ಬೆಲೆ. 'ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಹೆರಿಟೇಜ್ ಸ್ಟಡೀಸ್' ತರಹದ್ದರಲ್ಲಿ ಪರಂಪರೆಯನ್ನು ಸಮಾಜ ಹೇಗೆ ಕಾಣುತ್ತದೆ ಎಂಬ ಚರ್ಚೆ. ನಾನು ಕಳಿಸಿದ ಮೊದಲ ಜರ್ನಲ್ (ಈ ಎರಡೂ ಅಲ್ಲ) ವಿಜ್ಞಾನದ ಕಡೆಯದು. ಮಣ್ಣಿನ ವಿಶ್ಲೇಷಣೆ ಇಲ್ಲ, ಪ್ರಯೋಗಾಲಯದ ಒಂದು ಅಂಕಿ ಇಲ್ಲ. ಲೇಖನ ಪರಿಶೀಲಿಸುವ ವಿಷಯತಜ್ಞರಾದ ವಿಮರ್ಶಕರ ಹತ್ತಿರವೂ ಹೋಗದೆ ಒಂಬತ್ತನೇ ದಿನ ಸಂಪಾದಕರ ಮೇಜಿನಿಂದಲೇ ವಾಪಸು ಬಂತು. ಬೇಸರವಾಯಿತು ನಿಜ, ಆದರೆ ಒಂಬತ್ತೇ ದಿನದಲ್ಲಿ ಇಲ್ಲ ಅನ್ನುವವರು ಪುಣ್ಯಾತ್ಮರು. ಈಗ ನಾನು ಮೊದಲು ಜರ್ನಲ್‌ನ ಹಿಂದಿನ ಎರಡು ವರ್ಷದ ಸಂಚಿಕೆಗಳನ್ನು ತಿರುವಿಹಾಕಿ, ನನ್ನ ಲೇಖನ ಯಾವುದರ ಪಕ್ಕ ಕೂರಬಹುದು ಅಂತ ನೋಡಿ ಆಮೇಲೆ ಪೆನ್ನು ಹಿಡಿಯುತ್ತೇನೆ.

ಈ ನಡುವೆ ದಿನಾ ಒಂದು ಮೇಲ್. "ಗೌರವಾನ್ವಿತ ಪ್ರೊಫೆಸರರೇ, ನಿಮ್ಮ ಅಮೂಲ್ಯ ಲೇಖನ ಕಳಿಸಿ, ಮೂರು ದಿನದಲ್ಲಿ ಪ್ರಕಟ" ಅಂತ. ಮೂರು ದಿನದಲ್ಲಿ ಒಳ್ಳೇ ಉಪ್ಪಿನಕಾಯಿಯೂ ಆಗುವುದಿಲ್ಲ ಮಾರಾಯ್ರೆ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು, "ಕೇರ್ ಲಿಸ್ಟಲ್ಲಿ ಉಂಟಾ?" ನಂಬಬಹುದಾದ ಜರ್ನಲ್‌ಗಳದೆಂದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2019ರಲ್ಲಿ ತಂದ ಆ ಪಟ್ಟಿಯನ್ನು 2025ರಲ್ಲಿ ಯುಜಿಸಿಯೇ ಕೈಬಿಟ್ಟಿತು. ಈಗ ಜರ್ನಲ್ ಅಸಲಿಯೋ ನಕಲಿಯೋ ಎಂದು ನೋಡುವ ಹೊಣೆ ನಮ್ಮ ಮೇಲೇ ಬಿದ್ದಿದೆ. ನಾನು ಮಾಡುವುದು ಇಷ್ಟೇ: ಸಂಪಾದಕ ಮಂಡಳಿಯ ಇಬ್ಬರ ಹೆಸರು ಹಿಡಿದು ಅವರವರ ವಿಶ್ವವಿದ್ಯಾಲಯದ ಪುಟದಲ್ಲಿ ಹುಡುಕುತ್ತೇನೆ. ನಿಜವಾದ ಸಂಪಾದಕರಾದರೆ ಅಲ್ಲೂ ಆ ಜರ್ನಲ್‌ನ ಹೆಸರು ಸಾಮಾನ್ಯವಾಗಿ ಇರುತ್ತದೆ.

ಎರಡನೇ ಜರ್ನಲ್‌ಗೆ ಕಳಿಸುವಾಗ ಸಣ್ಣಪುಟ್ಟ ಕಾಟ ಬೇಕಾದಷ್ಟು. ಬರೆದವರು ಯಾರೆಂದು ವಿಮರ್ಶಕರಿಗೆ, ವಿಮರ್ಶಕರು ಯಾರೆಂದು ಬರೆದವರಿಗೆ ತಿಳಿಯಬಾರದೆಂಬ ನಿಯಮ. ನಾನು ಮೊದಲ ಪುಟದಿಂದ ಹೆಸರು ತೆಗೆದೆ. ಆದರೆ ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಹೆಸರಿತ್ತು, ಕೊನೆಯಲ್ಲಿ ಪ್ರಿನ್ಸಿಪಾಲರಿಗೆ ಕೃತಜ್ಞತೆ ಇತ್ತು, "ನನ್ನ ಹಿಂದಿನ ಲೇಖನದಲ್ಲಿ ಹೇಳಿದಂತೆ" ಅಂತಲೂ ಇತ್ತು. ವಾಪಸು. ವಿದ್ಯಾರ್ಥಿಗಳು ತೆಗೆದ ಫೋಟೋಗಳು ವಾಟ್ಸಾಪಿನಲ್ಲಿ ಬಂದು ಸೊರಗಿಹೋಗಿದ್ದವು. 18 ಸೆಂಟಿಮೀಟರ್ ಅಗಲಕ್ಕೆ 300 ಡಿಪಿಐಯಲ್ಲಿ ಅಚ್ಚಾಗಬೇಕಾದರೆ ಚಿತ್ರ ಕಡಿಮೆಯೆಂದರೂ 2,126 ಪಿಕ್ಸೆಲ್ ಅಗಲ ಇರಬೇಕು. ಎರಡು ಮನೆಗೆ ಮತ್ತೆ ಹೋದೆ, ಒಂದು ಮನೆ ಅಷ್ಟರಲ್ಲಿ ಇರಲೇ ಇಲ್ಲ. ಇನ್ನು ನುಡಿ ಫಾಂಟು. ಆಫೀಸಿನಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಟೈಪು ಮಾಡಿಸಿದ ಕನ್ನಡ ಉಲ್ಲೇಖಗಳೆಲ್ಲ ಜರ್ನಲ್‌ನ ಪಿಡಿಎಫ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಬಂದವು. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಒಂದೊಂದನ್ನೂ ಕಣ್ಣಲ್ಲೇ ನೋಡಿ ಸರಿಮಾಡಿದೆ. ಫೋಟೋದ ವಿಷಯದಲ್ಲಿ ನನಗೆ ಇವತ್ತಿಗೂ ಸಮಾಧಾನ ಇರುವುದು ಒಂದಕ್ಕೆ: ದೈವದ ಕೋಣೆಯ ಚಿತ್ರಗಳನ್ನು, ಚೆನ್ನಾಗಿ ಬಂದಿದ್ದರೂ, ನಾನಾಗಿಯೇ ಹೊರಗಿಟ್ಟೆ. ಅಟ್ಟ ಹತ್ತಲಿಕ್ಕೆ ಬಿಟ್ಟವರು ಆ ಬಾಗಿಲನ್ನೂ ಲೋಕಕ್ಕೆ ತೆರೆದರು ಅಂತ ಅರ್ಥವಲ್ಲ.

ಐದು ತಿಂಗಳಿಗೆ ಉತ್ತರ ಬಂತು. ಒಬ್ಬ ವಿಮರ್ಶಕರು ಎರಡು ಪುಟ ಹೊಗಳಿ ಅಲ್ಪವಿರಾಮಗಳನ್ನು ತಿದ್ದಿದ್ದರು. ಇನ್ನೊಬ್ಬರದು ಎರಡೇ ಸಾಲು. ಮುದ್ರೆಯಲ್ಲಿರುವುದು ಕಾರ್ಖಾನೆ ಸ್ಥಾಪನೆಯಾದ ವರ್ಷ. ಈ ಹಂಚುಗಳನ್ನು ಸುಟ್ಟ ವರ್ಷ, ಹೊದೆಸಿದ ವರ್ಷ ಲೇಖಕರಿಗೆ ಹೇಗೆ ತಿಳಿಯಿತು?

ಚಾ ಆರಿತು. ಇಡೀ ಲೇಖನ ನಿಂತದ್ದೇ ಆ ಇಸವಿಯ ಮೇಲೆ.

ಮೊದಲು ಸಿಟ್ಟು ಬಂತು. ಎಲ್ಲೋ ಕೂತು ಹೇಳುವುದು ಸುಲಭ, ಅಟ್ಟ ಹತ್ತಿದವನು ನಾನು ಅಂತ. ಎರಡು ದಿನ ಕಳೆದು, ಜಗಳ ಕಾಯಲಿಕ್ಕೆ ಸಾಕ್ಷಿ ಬೇಕೆಂದು ಸಂದರ್ಶನಗಳ ರೆಕಾರ್ಡಿಂಗ್ ತೆಗೆದೆ. ಬಾರ್ಕೂರು ಕಡೆಯ ಒಬ್ಬರು ಆಚಾರ್ರು, ಎಂಬತ್ತು ದಾಟಿದವರು, ಮೂರು ತಲೆಮಾರಿನಿಂದ ಮಾಡಿನ ಕೆಲಸ. ಅವರ ಮಾತಿನಿಂದ ನನಗೆ ಬೇಕಾದ ನಾಲ್ಕು ವಾಕ್ಯ ಮಾತ್ರ ಬರೆದುಕೊಂಡಿದ್ದೆ. ಈಗ ಪೂರ್ತಿ ಕೇಳಿದೆ. ಹನ್ನೊಂದನೇ ನಿಮಿಷದಲ್ಲಿ, ಹಿಂದೆ ಕೋಳಿ ಕೂಗುವ ಸದ್ದಿನ ನಡುವೆ, ಅವರು ತುಳುವಿನಲ್ಲಿ ಹೇಳುತ್ತಿದ್ದಾರೆ: ಇಸವಿ ನೋಡಿ ಮೋಸ ಹೋಗಬೇಡಿ ಮಾಷ್ಟ್ರೇ, ನನ್ನ ಅಪ್ಪ ಹೊದೆಸಿದ ಮಾಡಿಗೂ ಅದೇ ಇಸವಿ, ಅಜ್ಜ ಹೊದೆಸಿದ್ದಕ್ಕೂ ಅದೇ. ಅದರ ಬೆನ್ನಿಗೇ ನನ್ನ ಸ್ವರ: "ಆಯ್ತು ಆಚಾರ್ರೇ, ಈ ಪಕ್ಕಾಸು ಯಾವ ಮರದ್ದು?"

ಆ ಸ್ವರ ಕೇಳಿದಾಗ ಆದ ನಾಚಿಕೆ ವಿಮರ್ಶೆ ಓದಿದಾಗಲೂ ಆಗಿರಲಿಲ್ಲ. ಅಂದಿನಿಂದ ರೆಕಾರ್ಡಿಂಗ್ ಪೂರ್ತಿ ಅಕ್ಷರಕ್ಕಿಳಿಸದೆ ಲೇಖನದ ಒಂದು ಸಾಲೂ ಬರೆಯುವುದಿಲ್ಲ.

ಹಾಗಾದರೆ ಮುದ್ರೆ ಹೇಳುವುದೇನು? ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ನಂಟಿನ ಕಾರಣಕ್ಕೆ ಮಿಶನ್ನಿನ ಉದ್ಯಮಗಳು ಬ್ರಿಟಿಷರ ವಶವಾದವು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಹಂಚಿನ ಮೇಲಿನ ಹೆಸರೂ ಬದಲಾಯಿತು. ಕಾಮನ್‌ವೆಲ್ತ್ ಹೆಸರಿನ ಹಂಚು ಇದ್ದರೆ ಮಾಡಿನ ಆ ಭಾಗಕ್ಕೆ ಯುದ್ಧದ ನಂತರ ಯಾರೋ ಕೈಹಾಕಿದ್ದಾರೆ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಮಿಶನ್ ಹೆಸರಿದ್ದ ಮಾತ್ರಕ್ಕೆ ಮಾಡು ಯುದ್ಧಕ್ಕಿಂತ ಮೊದಲಿನದು ಅನ್ನಲಿಕ್ಕಾಗುವುದಿಲ್ಲ. ಕೆಡವಿದ ಮನೆಯ ಹಂಚು ಇನ್ನೊಂದು ಮನೆಗೆ ಏರುವುದು ನಮ್ಮಲ್ಲಿ ಅಂದೂ ಇತ್ತು, ಇಂದೂ ಉಂಟು. ಹೆಸರಿನಿಂದ ತಿಳಿಯುವುದು ಇಷ್ಟೇ, ಇಸವಿಯಿಂದ ಅದೂ ಇಲ್ಲ.

ಹೊದೆಸಿದ ಕಾಲ ಬೇಕಾದರೆ ಕಾಗದ ಬೇಕು. ಮಂಗಳೂರು ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಶನ್ನಿನ ಹಳೇ ದಾಖಲೆಗಳಿವೆ, ಸ್ವಿಜರ್‌ಲೆಂಡಿನ ಬಾಸೆಲ್‌ನಲ್ಲೂ ದೊಡ್ಡ ಸಂಗ್ರಹ ಉಂಟು. ಆದರೆ ಕಾರ್ಖಾನೆಯ ಕತೆ ಗೊತ್ತಾದರೆ ಕಲ್ಯಾಣಪುರದ ಮಾಡಿನ ಕತೆ ಗೊತ್ತಾದ ಹಾಗಾಗಲಿಲ್ಲ. ಅದಕ್ಕೆ ಮತ್ತೆ ಆ ಯಜಮಾನ್ತಿಯ ಮನೆಗೇ ಹೋಗಿ, ಅಳುಕುತ್ತಲೇ, ಹಳೇ ಲೆಕ್ಕದ ಪುಸ್ತಕ ಏನಾದರೂ ಉಂಟಾ ಕೇಳಿದೆ. ಭತ್ತ ತುಂಬಿಡುವ ಪತ್ತಾಯದ ಹಿಂದಿನಿಂದ ಗೆದ್ದಲು ತಿಂದ ಮೂರು ಪುಸ್ತಕ ಬಂದವು.

ಎರಡನೆಯದರಲ್ಲಿ ಸಿಕ್ಕಿತು. ಶುಭಕೃತ್ ಸಂವತ್ಸರ, ಮಾಯಿ ತಿಂಗಳು, ಚಾವಡಿ ಮಾಡಿಗೆ ಮಿಶನ್ ಹಂಚು, ದೋಣಿ ಬಾಡಿಗೆ ಬೇರೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಇತ್ತೀಚಿನ ಶುಭಕೃತ್ 2022ರ ಯುಗಾದಿಗೆ ಬಂದದ್ದು. ಹಿಂದಕ್ಕೆ ಎಣಿಸಿದರೆ 1962, 1902, 1842. 1842ರಲ್ಲಿ ಮಿಶನ್ ಹಂಚೇ ಇರಲಿಲ್ಲ. ಪುಸ್ತಕದ ಲೆಕ್ಕವೆಲ್ಲ ರೂಪಾಯಿ, ಆಣೆ, ಪೈ. 1957ರಲ್ಲೇ ನಯಾಪೈಸೆ ಬಂದಿದ್ದರಿಂದ 1962ಕ್ಕೂ ಹೊಂದುವುದಿಲ್ಲ. ಉಳಿದದ್ದು 1902ರಲ್ಲಿ ಶುರುವಾದ ವರ್ಷ. ಅಲ್ಲೇ ನಿಲ್ಲಿಸಿದ್ದರೆ ಇನ್ನೊಂದು ತಪ್ಪಾಗುತ್ತಿತ್ತು. ಮಾಯಿ ತುಳು ತಿಂಗಳು, ಅಂದರೆ ಫೆಬ್ರುವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ, ಸಂವತ್ಸರದ ಬಾಲ. ಇಂಗ್ಲಿಷ್ ಲೆಕ್ಕದಲ್ಲಿ ಆಗಲೇ 1903. ಮಳೆಗೆ ಮೊದಲು ಮಾಡಿನ ಕೆಲಸ ಮುಗಿಸುವ ಹದವಾದ ಕಾಲವೂ ಅದೇ. ನಾನು ಕೊಟ್ಟಿದ್ದ ವರ್ಷಕ್ಕಿಂತ 38 ವರ್ಷ ಈಚೆಗೆ. ಅಡುಗೆಕೋಣೆಯ ಮೇಲೆ ನಾಲ್ಕು ಸಾಲು ಕಾಮನ್‌ವೆಲ್ತ್ ಹಂಚೂ ಇತ್ತು. ಮೊದಲ ಸಲ ನೋಡಿ, ಬರೆದು, ಲೇಖನದಿಂದ ಬಿಟ್ಟದ್ದೂ ನಾನೇ.

18 ಮನೆಗಳಲ್ಲಿ ಹೀಗೆ ವರ್ಷ ಸಿಕ್ಕಿದ್ದು ಮೂರಕ್ಕೆ. ಭರ್ಜರಿ ತಲೆಬರಹ ಹೋಯಿತು. ಹಂಚಿನ ಮುದ್ರೆಯನ್ನೂ ಮನೆಯ ಲೆಕ್ಕದ ಪುಸ್ತಕವನ್ನೂ ಜತೆಗಿಟ್ಟು ಓದುವುದು ಹೇಗೆ ಎಂಬ ಸಣ್ಣ ಲೇಖನ ಉಳಿಯಿತು. ವಿಮರ್ಶಕರಿಗೆ ಉತ್ತರ ಬರೆಯುವಾಗ ನಾನು ವಾದಿಸಲಿಲ್ಲ. ಅವರ ಪ್ರಶ್ನೆ ಒಂದು ಕಡೆ, ನಾನು ಮಾಡಿದ ಬದಲಾವಣೆ, ಪುಟ, ಸಾಲಿನ ಸಂಖ್ಯೆ ಇನ್ನೊಂದು ಕಡೆ. ಆ ಎರಡು ಸಾಲಿನ ಪ್ರಶ್ನೆಗೆ ನನ್ನ ಉತ್ತರ ನಾಲ್ಕು ಪುಟವಾಯಿತು. ಹೊಗಳಿದವರಿಗೆ ಅರ್ಧ ಪುಟ ಸಾಕಾಯಿತು. ಸ್ವೀಕೃತವಾಯಿತು.

ಕೊನೆಗೆ ಪ್ರೂಫ್, ಅಂದರೆ ಅಚ್ಚಿಗೆ ಹೋಗುವ ಮೊದಲಿನ ಕರಡು, 48 ಗಂಟೆಯೊಳಗೆ ನೋಡಿ ಕಳಿಸಬೇಕು. ಎಲ್ಲ ಮುಗಿಯಿತಲ್ಲ ಎಂಬ ಉದಾಸೀನದಲ್ಲಿ ತಿರುವುತ್ತಿದ್ದವನಿಗೆ ಆರನೇ ಪುಟದಲ್ಲಿ ಎದೆ ಧಸಕ್ಕೆಂದಿತು. ಪ್ರತಿ ತಿದ್ದಿದವರು ಯಾರೋ 'ಮಾಯಿ'ಯನ್ನು ಅಚ್ಚಿನ ದೋಷವೆಂದು ತಿಳಿದು 'ಮೇ' ಮಾಡಿದ್ದರು, 'ಮೇ 1903' ಅಂತ. ಪಾಪ, ಅವರ ತಪ್ಪೂ ಅಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ತುಳು ತಿಂಗಳುಗಳಿಗೆ ಒಂದು ಸಾಲಿನ ವಿವರಣೆ ಸೇರಿಸಿ ಕಳಿಸಿದೆ.

ಅಚ್ಚಾದ ಪ್ರತಿ ಹಿಡಿದು ಕಲ್ಯಾಣಪುರಕ್ಕೆ ಹೋದೆ. 1865 ಅಲ್ಲ ಅಮ್ಮ, 1903 ಅಂತ ಹೇಳಲಿಕ್ಕೆ ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡಿದ್ದೆ. ಅವರು ಚಾ ಬಸಿಯುತ್ತಾ ಪೂರ್ತಿ ಕೇಳಿದರು. ಆಮೇಲೆ, "ಅದು ಹಂಚು ಬಂದ ವರ್ಷ ಅಲ್ಲವಾ ಮಾಷ್ಟ್ರೇ? ಹಂಚು ಬರುವ ಮೊದಲು ಇಲ್ಲಿ ಮನೆಯೇ ಇರಲಿಲ್ಲ ಅಂತ ಯಾರು ಹೇಳಿದ್ದು?" ಅಂದು, ಮೊದಲನೇ ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ದೂಡಿದರು. ತೆರೆದ ಪುಟದಲ್ಲೇ ಮುಳಿಹುಲ್ಲಿಗೆ ಕೊಟ್ಟ ದುಡ್ಡಿನ ಲೆಕ್ಕ ಇತ್ತು. ಸಂವತ್ಸರದ ಹೆಸರಿನ ಜಾಗವನ್ನು ಗೆದ್ದಲು ತಿಂದಿತ್ತು.