ಕುಕ್ಕರ್ ಕೂಗುತ್ತಿಲ್ಲವೇ? ಮೊದಲು ಹಬೆ ಎಲ್ಲಿಂದ ಬರುತ್ತಿದೆ ನೋಡಿ

ಕುಕ್ಕರ್ ಕೂಗುತ್ತಿಲ್ಲ ಅಂದ ಕೂಡಲೇ ಹೊಸ ಗ್ಯಾಸ್ಕೆಟ್ ತರುವುದು ರೂಢಿ. ಎಷ್ಟೋ ಸಲ ಅದೇ ಸರಿಯಾದ ಮದ್ದು. ಆದರೆ ಹೊಸದು ಹಾಕಿದ ಮೇಲೂ ಪಕ್ಕದಿಂದ ಬುಸ್ ಎನ್ನುತ್ತಿದ್ದರೆ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಒಲೆಯ ಮುಂದೆ ನಿಂತು, ಹಬೆ ಎಲ್ಲಿಂದ ಹೊರಡುತ್ತಿದೆ ಎಂದು ನೋಡಿ. ರೋಗ ಇರುವುದು ಅಲ್ಲೇ.

ಮುಚ್ಚಳದ ಸುತ್ತ ಹಬೆ ಬರುತ್ತಿದ್ದರೆ ಗ್ಯಾಸ್ಕೆಟ್ ತೆಗೆದು ಬೆರಳಲ್ಲಿ ಬಗ್ಗಿಸಿ. ಬಿರುಕು ಕಂಡರೆ, ಗಟ್ಟಿಯಾಗಿದ್ದರೆ, ಹಿಗ್ಗಿ ಮುಚ್ಚಳದ ಅಂಚಿನಲ್ಲಿ ಸಡಿಲವಾಗಿದ್ದರೆ ಬದಲಿಸಿ. ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟರೆ ಕುಗ್ಗಿ ಅವತ್ತಿನ ಅಡುಗೆ ಆಗುತ್ತದೆ, ಅಷ್ಟೇ. ಅಂಗಡಿಗೆ ಹೋಗುವಾಗ ಕಂಪನಿ, ಮಾಡೆಲ್, ಎಷ್ಟು ಲೀಟರ್ ಎಂಬುದನ್ನು ಬರೆದುಕೊಳ್ಳಿ, ಹಳೆಯದನ್ನೂ ಒಯ್ಯಿರಿ. ಹೊಸದನ್ನು ಹಾಕುವ ಮುನ್ನ ಅದು ಕೂರುವ ಅಂಚನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ; ಒಣಗಿದ ಬೇಳೆ ಅಲ್ಲಿ ಪದರಗಟ್ಟಿರುತ್ತದೆ.

ಹೊಸ ಗ್ಯಾಸ್ಕೆಟ್‌ಗೂ ಬಗ್ಗದಿದ್ದರೆ ಕುಕ್ಕರಿನ ಬಾಯಿಯ ಸುತ್ತ ಬೆರಳಾಡಿಸಿ. ಒಗ್ಗರಣೆ ಸೌಟನ್ನು ಅಲ್ಲೇ ಟಕಟಕ ಬಡಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಅಲ್ಯೂಮಿನಿಯಂ ಮೆದು ಲೋಹ, ಬಡಿದಲ್ಲೆಲ್ಲ ಸಣ್ಣ ಕಚ್ಚು ಬೀಳುತ್ತದೆ, ಹಬೆ ಆ ಸಂದಿಯಿಂದ ನುಸುಳುತ್ತದೆ. ಉಬ್ಬಿದ ಅಂಚನ್ನು ಸಣ್ಣ ಎಮರಿ ಕಾಗದದಲ್ಲಿ ಮೆಲ್ಲಗೆ ನಯ ಮಾಡಬಹುದು. ಬಾಯಿಯೇ ಸೊಟ್ಟಗಾಗಿದ್ದರೆ ಬಡಿದು ಸರಿಮಾಡಲು ಹೋಗಬೇಡಿ, ಆ ಕುಕ್ಕರಿನ ಕಾಲ ಮುಗಿಯಿತು.

ಸೇಫ್ಟಿ ವಾಲ್ವ್‌ನಿಂದ ಹಬೆ ನುಗ್ಗಿದರೆ ಕಾರಣ ಎರಡು: ನೀರು ಆರಿದೆ ಇಲ್ಲವೇ ವಿಷಲ್ ಕೂರುವ ನಳಿಗೆ ಕಟ್ಟಿದೆ. ವಾಲ್ವ್‌ನೊಳಗಿನ ಮಿಶ್ರಲೋಹ ಶಾಖ ಮಿತಿಮೀರಿದಾಗ ಕರಗಿ ದಾರಿ ಬಿಡುತ್ತದೆ. ಕರಗಿದ ಮೇಲೆ ಬದಲಿಸಬೇಕು, ಅದೇ ಕಂಪನಿಯದ್ದೇ ಆಗಬೇಕು. ಪೈಪಿನ ಸೋರಿಕೆಗೆ ಮೆತ್ತುವ ಎಂಸೀಲ್ ತುಂಬಿ ವಾಲ್ವ್ ಮುಚ್ಚುವ ಜಾಣರೂ ಇದ್ದಾರೆ. ಅವರ ಅಡುಗೆಮನೆಗೆ ಹೋಗದಿರುವುದೇ ಕ್ಷೇಮ.

ನಳಿಗೆಯನ್ನು ಪ್ರತಿಸಲವೂ ಬೆಳಕಿಗೆ ಹಿಡಿದು ನೋಡಿ, ತೂತು ಆರಪಾರ ಕಾಣಬೇಕು. ತೊಗರಿಬೇಳೆಯ ನೊರೆಯೇ ಅದನ್ನು ಕಟ್ಟುವುದು. ಬೇಳೆಗೆ ಒಂದು ಚಮಚ ಎಣ್ಣೆ ಹಾಕಿ, ಅರ್ಧಕ್ಕಿಂತ ಹೆಚ್ಚು ತುಂಬದಿದ್ದರೆ ಈ ತಾಪತ್ರಯ ಕಡಿಮೆ. ಕಟ್ಟಿದ್ದರೆ ತೆಳು ತಂತಿ ಹಾಕಿ ಬಿಡಿಸಿ, ನೀರು ಬಿಟ್ಟು ತೊಳೆಯಿರಿ.

ವಿಷಲ್ ಕಳೆದುಹೋದರೆ ಬೇರೆ ಕಂಪನಿಯದ್ದನ್ನು ತಂದು ಕೂರಿಸುವುದುಂಟು. ವಿಷಲ್‌ನ ತೂಕ ಮತ್ತು ನಳಿಗೆಯ ತೂತು ಸೇರಿ ಒಳಗಿನ ಒತ್ತಡವನ್ನು ಚದರ ಸೆಂ.ಮೀ.ಗೆ ಸುಮಾರು 1 ಕೆಜಿಗೆ ನಿಲ್ಲಿಸುತ್ತವೆ. ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದು ಅದರಿಂದಲೇ. ತೂಕ ಬದಲಾದರೆ ಲೆಕ್ಕವೆಲ್ಲ ತಪ್ಪುತ್ತದೆ.

ಹಿಡಿ ಅಲ್ಲಾಡುತ್ತಿದ್ದರೆ ಸ್ಕ್ರೂ ಬಿಗಿ ಮಾಡಿ, ಅತಿಯಾಗಿ ತಿರುಗಿಸಿದರೆ ಹಿಡಿಯ ಬೇಕಲೈಟ್ ಪ್ಲಾಸ್ಟಿಕ್ ಸೀಳುತ್ತದೆ. ಒಳಗೆ ಕಪ್ಪಾಗಿದ್ದರೆ ನೀರಿಗೆ ಗೋಲಿಯಷ್ಟು ಹುಣಸೆಹಣ್ಣು ಹಾಕಿ ಕುದಿಸಿದರೆ ಸಾಕು.

ಎಲ್ಲ ಜೋಡಿಸಿದ ಮೇಲೆ ಬರೀ ಎರಡು ಲೋಟ ನೀರು ಹಾಕಿ ಪರೀಕ್ಷಿಸಿ. ನಳಿಗೆಯಿಂದ ಹಬೆ ಒಂದೇ ಸಮನೆ ಬಂದ ಮೇಲೆ ವಿಷಲ್ ಇಡಿ. ಪಕ್ಕದಿಂದ ಒಂದು ಹನಿಯೂ ಜಿನುಗದೆ ಗಟ್ಟಿಯಾಗಿ ಕೂಗಿತೋ, ಬೇಳೆ ತೊಳೆದು ಹಾಕಿ.