ಗೇರು ಗುಡ್ಡೆಯಲ್ಲಿ ಕಲಿತ ಜಗತ್ತು

ನಾವು ಅಂತಿಮ ಬಿ.ಎ. ಪತ್ರಿಕೋದ್ಯಮದಲ್ಲಿದ್ದ 2011-12ರ ಸಾಲಿನಲ್ಲಿ ಪರಿಸರ ವರದಿಗಾರಿಕೆಯ ಪಾಠ ಒಂದು ಘಟಕವಾಗಿ ಬಂತು. ಹಿಂದಿನ ಬ್ಯಾಚಿನವರು ಬಿಟ್ಟುಹೋಗಿದ್ದ ನೋಟ್ಸಿನಲ್ಲಿ ಓಝೋನ್ ಪದರ, ಹಸಿರುಮನೆ ಅನಿಲ, ಅಂತಾರಾಷ್ಟ್ರೀಯ ಒಪ್ಪಂದಗಳ ಹೆಸರು ಮತ್ತು ಇಸವಿಗಳು ಇದ್ದವು. ಐದು ಅಂಕದ ಟಿಪ್ಪಣಿಗೆ ಅಷ್ಟು ಸಾಕಿತ್ತು. ನಮ್ಮ ಮೇಷ್ಟ್ರು ಆ ನೋಟ್ಸನ್ನು ಪಕ್ಕಕ್ಕಿಟ್ಟು, ಈ ಘಟಕವನ್ನು ಇಡೀ ತರಗತಿ ಸೇರಿ ಒಂದು ಸಾಕ್ಷ್ಯಚಿತ್ರ ಮಾಡುವ ಮೂಲಕ ಮುಗಿಸೋಣ ಎಂದರು. ವಿಷಯವನ್ನೂ ಅವರೇ ಹೇಳಿದರು: ಗೇರು ತೋಟಗಳಿಗೆ ಹೊಡೆಯುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್. ನಮ್ಮಲ್ಲಿ ಕೆಲವರ ಮುಖ ಸಪ್ಪಗಾಯಿತು. ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ನಿತ್ಯ ಬರುತ್ತಿದ್ದ ಆ ಸುದ್ದಿಯಲ್ಲಿ 'ಜಾಗತಿಕ' ಎನ್ನುವಂಥದ್ದು ಏನಿದೆ ಎಂದು ಕೇಳಿದವರೂ ಇದ್ದರು.

ಕೇಳಿದವರಿಗೆ ಅವರು ಮೊದಲು ಓದಲು ಕೊಟ್ಟದ್ದು ಸ್ಟಾಕ್‌ಹೋಮ್ ಒಪ್ಪಂದದ ಕಾಗದಪತ್ರಗಳನ್ನು. ಬಹುಕಾಲ ನಾಶವಾಗದೆ ಉಳಿಯುವ ಸಾವಯವ ವಿಷಗಳನ್ನು ಜಗತ್ತಿನಾದ್ಯಂತ ನಿಲ್ಲಿಸಲು 2001ರಲ್ಲಿ ಅಂಗೀಕಾರವಾಗಿ 2004ರಲ್ಲಿ ಜಾರಿಗೆ ಬಂದ ಆ ಒಪ್ಪಂದದ ಪಟ್ಟಿಗೆ, 2011ರ ಏಪ್ರಿಲ್ ಕೊನೆಯಲ್ಲಿ ಜಿನೀವಾದಲ್ಲಿ ನಡೆದ ಸಭೆಯಲ್ಲಿ, ಕೆಲವು ವಿನಾಯಿತಿಗಳೊಡನೆ ಎಂಡೋಸಲ್ಫಾನ್ ಸೇರಿತ್ತು. ಆಗ ಅದರ ದೊಡ್ಡ ಉತ್ಪಾದಕ ದೇಶ ನಮ್ಮದೇ, ಪಟ್ಟಿಗೆ ಸೇರಿಸುವುದನ್ನು ಬಹಳ ಕಾಲ ವಿರೋಧಿಸಿದ್ದೂ ನಮ್ಮದೇ ಸರ್ಕಾರ. ಅದಾದ ಎರಡು ವಾರಕ್ಕೆ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದೊಳಗೆ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ಮಧ್ಯಂತರ ತಡೆ ಹಾಕಿತು. ಆ ಕಾಗದಪತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಈ ವಿಷ ಬಿಸಿ ನಾಡುಗಳಲ್ಲಿ ಆವಿಯಾಗಿ, ಗಾಳಿಯೊಡನೆ ಬಹುದೂರ ಸಾಗಿ, ತಣ್ಣನೆಯ ಪ್ರದೇಶ ಸಿಕ್ಕಿದಲ್ಲಿ ಇಳಿದು ನೆಲೆ ನಿಲ್ಲುತ್ತದೆ. ಯಾವ ಗೇರು ಮರವೂ ಇಲ್ಲದ ಉತ್ತರ ಧ್ರುವ ಪ್ರದೇಶದ ಗಾಳಿಯಲ್ಲೂ ಹಿಮದಲ್ಲೂ ಅದು ಪತ್ತೆಯಾಗಿದೆ. ಗೇರಿನ ಹೂವನ್ನು ಕರಟಿಸುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಹೊಡೆದ ಔಷಧ ಅಲ್ಲಿಯ ಹಿಮಕ್ಕೂ ತಲುಪುವ ವಸ್ತುವಾಗಿತ್ತು ಎಂಬುದು ತಿಳಿದ ಮೇಲೆ ತರಗತಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಮತ್ತೆ ಕೇಳಲಿಲ್ಲ.

ಕ್ಯಾಮೆರಾ ಕೈಗೆ ಬರುವ ಮೊದಲು ನಾವು ಬಹಳ ತಿರುಗಿದೆವು. ಕಾಸರಗೋಡಿನ ಗೇರು ತೋಟಗಳಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಣೆ ನಡೆದಿತ್ತು. ಗಡಿಯ ಈಚೆ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆ ಸುತ್ತಿನಲ್ಲೂ ಸರ್ಕಾರಿ ಗೇರು ತೋಪುಗಳ ಮೇಲೆ ಅದೇ ಕತೆ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಹುಟ್ಟುವ ಕರುಗಳು ವಿಕಲವಾಗುತ್ತಿರುವುದನ್ನು ಗಮನಿಸಿ, 1980ರ ದಶಕದ ಆರಂಭದಲ್ಲೇ ಅದನ್ನು ಪತ್ರಿಕೆಗೆ ಬರೆದವರು ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು. ಆ ಒಂದು ವರದಿಗೂ ಜಿನೀವಾದ ತೀರ್ಮಾನಕ್ಕೂ ನಡುವೆ ಮೂರು ದಶಕಗಳ ಅಂತರವಿದೆ ಎಂಬುದನ್ನು ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ಉದ್ದ ಗೆರೆ ಎಳೆದು ತೋರಿಸಿದರು. ಆ ಗೆರೆಯನ್ನು ತುಂಬುವುದೇ ನಮ್ಮ ಚಿತ್ರಕಥೆಯಾಯಿತು. ಸಿಂಪಡಣೆಗೆ ಮುನ್ನ ಬಾವಿಗಳನ್ನು ಮುಚ್ಚಬೇಕೆಂದು ನಿಯಮವಿತ್ತು. ಆದರೆ ಆ ಕಡೆಯ ಊರುಗಳಲ್ಲಿ ಕುಡಿಯುವ ನೀರು ಗುಡ್ಡದ ಒಡಲು ಕೊರೆದು ಮಾಡಿದ ಸುರಂಗಗಳಿಂದ ಜಿನುಗಿ, ತೆರೆದ ತೋಡುಗಳಲ್ಲಿ ಅಂಗಳದವರೆಗೆ ಹರಿದು ಬರುತ್ತದೆ. ಆ ನೀರನ್ನು ಮುಚ್ಚುವುದು ಹೇಗೆ? ನಿಯಮ ಬರೆದವರು ಸುರಂಗವನ್ನು ನೋಡಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಮನೆಗಳಿಗೆ ಹೋಗುವಾಗ ಮೇಷ್ಟ್ರದು ಕಟ್ಟುನಿಟ್ಟಿನ ಕ್ರಮ. ಮೊದಲ ಭೇಟಿಗೆ ಕ್ಯಾಮೆರಾ ಒಯ್ಯುವಂತಿಲ್ಲ. ಮಾತನಾಡಲು ಬಾರದ ಮಗುವಿನ ಮುಖವನ್ನು ಹತ್ತಿರದಿಂದ ಹಿಡಿಯುವಂತಿಲ್ಲ, ಹಿನ್ನೆಲೆಗೆ ಕೊಳಲು ಹಾಕುವಂತಿಲ್ಲ. ಎರಡನೆಯದು ನಮಗೆ ಅತಿಯೆನಿಸಿತ್ತು. ಆ ಹೊತ್ತಿಗೆ ಎಂಡೋ ಪೀಡಿತ ಮಕ್ಕಳ ಚಿತ್ರಗಳು ಎಲ್ಲೆಡೆ ಪ್ರಕಟವಾಗಿದ್ದವು, ಜನರ ಮನಸ್ಸು ಕಲಕಿದ್ದೂ ಆ ಚಿತ್ರಗಳೇ. ಅದನ್ನು ಅವರೂ ಅಲ್ಲಗಳೆಯಲಿಲ್ಲ. ಆದರೆ ಕೆಲಸ ಮಾಡಿಯಾಗಿರುವ ಚಿತ್ರವನ್ನು ನೀವು ಮತ್ತೆ ತೆಗೆದರೆ ಕಲಿಯುವುದೇನು, ಆ ಮನೆಯಲ್ಲಿ ಇನ್ನೂ ಯಾರೂ ತೆಗೆಯದಿರುವುದು ಏನಿದೆ ಎಂದು ನೋಡಿ ಎಂದರು.

ಹಾಗೆ ನೋಡಿದ್ದರಿಂದಲೇ ನಮ್ಮ ಚಿತ್ರದ ಅತ್ಯುತ್ತಮ ಭಾಗ ಸಿಕ್ಕಿತು. ಒಂದು ಮನೆಯಲ್ಲಿ ತಾಯಿ ಹದಿಹರೆಯದ ಮಗನನ್ನು ಚಾಪೆಯಿಂದ ಎತ್ತಿ ಬಚ್ಚಲಿಗೆ ಒಯ್ಯುವುದನ್ನು ನಾವು ಕಂಡೆವು. ಮೊದಲು ಅವನ ಎರಡೂ ಕೈಗಳನ್ನು ತನ್ನ ಕೊರಳ ಸುತ್ತ ಹಾಕಿಕೊಳ್ಳುತ್ತಿದ್ದರು, ಬಳಿಕ ಒಂದು ಮೊಣಕಾಲೂರಿ ಸೊಂಟ ಗಟ್ಟಿಮಾಡಿಕೊಂಡು ಒಂದೇ ಉಸಿರಿಗೆ ಏಳುತ್ತಿದ್ದರು. ಹೊಸ್ತಿಲ ಬಳಿ ಅವನ ಕಾಲು ತಾಗದಂತೆ ಓರೆಯಾಗಿ ತಿರುಗುತ್ತಿದ್ದರು. ಆ ತಿರುವಿನಲ್ಲಿ ಗೋಡೆಯ ಸುಣ್ಣ ಅವರ ಭುಜದ ಎತ್ತರದಲ್ಲಿ ಉಜ್ಜಿ ಉಜ್ಜಿ ಹೋಗಿ ಒಳಗಿನ ಕೆಂಪು ಮಣ್ಣು ಕಾಣುತ್ತಿತ್ತು. ಅವರ ಒಪ್ಪಿಗೆ ಪಡೆದು, ಮುಖ ಬಾರದಂತೆ, ಅವರ ಬೆನ್ನು, ಹೊಸ್ತಿಲು ಮತ್ತು ಆ ಗೋಡೆಯನ್ನು ಕತ್ತರಿಸದೆ ಒಂದೇ ಶಾಟಿನಲ್ಲಿ ಹಿಡಿದೆವು. ಪಾಲನೆ ಎಂಬುದು ಮುಗಿಯದ ದುಡಿಮೆ ಎನ್ನುವುದನ್ನು ಯಾವ ವ್ಯಾಖ್ಯಾನವೂ ಅದಕ್ಕಿಂತ ಚೆನ್ನಾಗಿ ಹೇಳಲಾರದು.

ತರಗತಿಯಲ್ಲಿ ನಿಜವಾದ ಜಗಳ ಹುಟ್ಟಿದ್ದು ಕಾರಣದ ಬಗ್ಗೆ. ಎಲ್ಲ ಕಾಯಿಲೆಯೂ ಎಂಡೋಸಲ್ಫಾನಿನಿಂದಲೇ ಬಂತು ಎಂದು ಚಿತ್ರ ಹೇಳಬಹುದೆ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ಪಡ್ರೆಯ ಮಕ್ಕಳಲ್ಲಿ ಆರೋಗ್ಯದ ತೊಂದರೆಗಳು ಹೆಚ್ಚಿರುವುದನ್ನೂ ರಕ್ತದಲ್ಲಿ ಆ ವಿಷದ ಅಂಶ ಇರುವುದನ್ನೂ ಕಂಡಿತ್ತು. ಕೇಂದ್ರ ಸರ್ಕಾರದ ಸಮಿತಿಗಳು ನೇರ ಸಂಬಂಧಕ್ಕೆ ಪುರಾವೆ ಇಲ್ಲವೆಂದಿದ್ದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು ನಿಷೇಧಕ್ಕೂ ಪರಿಹಾರಕ್ಕೂ ಶಿಫಾರಸು ಮಾಡಿತ್ತು. ಪುರಾವೆಯ ಭಾರವನ್ನು ಹೊರಬೇಕಾದವರು ವಿಷ ಹೊಡೆದವರೋ, ವಿಷ ಉಂಡವರೋ ಎಂಬ ಪ್ರಶ್ನೆಯನ್ನು ಹುಡುಗಿಯೊಬ್ಬಳು ಎತ್ತಿದಳು. ಅಂತಾರಾಷ್ಟ್ರೀಯ ಪರಿಸರ ಕಾನೂನಿನಲ್ಲಿ ಅದಕ್ಕೆ ಮುನ್ನೆಚ್ಚರಿಕೆಯ ತತ್ವ ಎಂಬ ಹೆಸರೇ ಇದೆ ಎಂದು ಮೇಷ್ಟ್ರು ಆಮೇಲೆ ಹೇಳಿದರು. ಹೆಸರು ಮೊದಲು ಬಂದು ಪ್ರಶ್ನೆ ಆಮೇಲೆ ಬಂದಿದ್ದರೆ ನಾವು ಅದನ್ನು ಬಾಯಿಪಾಠ ಮಾಡಿ ಮರೆಯುತ್ತಿದ್ದೆವು. ಚಿತ್ರದಲ್ಲಿ ಎರಡೂ ಬಗೆಯ ವರದಿಗಳನ್ನು ಹೇಳಿ, ಸಿಂಪಡಣೆಯ ವಿಧಾನವೇ ತಪ್ಪಾಗಿತ್ತು ಎಂಬಲ್ಲಿ ಮಾತ್ರ ಗಟ್ಟಿಯಾಗಿ ನಿಂತೆವು. ಆ ನಿಲುವು ಈಗಲೂ ಸರಿಯೆಂದೇ ನನ್ನ ಅಭಿಪ್ರಾಯ.

ಸಂಕಲನದ ಕಷ್ಟಗಳನ್ನು ವಿಸ್ತರಿಸುವುದಿಲ್ಲ. ಲೋಡ್ ಶೆಡ್ಡಿಂಗಿನ ಕಾಲ, ವಿಭಾಗಕ್ಕೆ ಒಂದೇ ಕಂಪ್ಯೂಟರ್, ರೆಂಡರಿಂಗ್ ಮುಗಿಯುವ ಮುನ್ನ ಕೈಕೊಡುವ ಯುಪಿಎಸ್ ಎಂದರೆ ಆಗ ಓದಿದವರಿಗೆ ಅರ್ಥವಾದೀತು. ಇಷ್ಟು ಮಾತ್ರ ಹೇಳಬೇಕು: ಗಂಟೆಗಟ್ಟಲೆ ಟೇಪನ್ನು ಅರ್ಧ ಗಂಟೆಗೆ ಇಳಿಸುವಾಗ, ಯಾರ ಮಾತು ಉಳಿಯಬೇಕು, ಯಾರದು ಹೋಗಬೇಕು ಎಂದು ತೀರ್ಮಾನಿಸುವ ಅಧಿಕಾರ ಇಪ್ಪತ್ತು ವರ್ಷದ ನಮ್ಮ ಕೈಯಲ್ಲಿತ್ತು, ಮತ್ತು ಪ್ರತಿ ಕತ್ತರಿಗೂ ಕಾರಣ ಕೊಡಬೇಕಿತ್ತು.

ಮೊದಲ ಪ್ರದರ್ಶನ ಕಾಲೇಜಿನ ಸಭಾಂಗಣದಲ್ಲಿ ಆಗಬಾರದು, ಚಿತ್ರೀಕರಿಸಿದ ಊರಿನಲ್ಲೇ ಆಗಬೇಕು ಎಂಬುದು ಇನ್ನೊಂದು ಕರಾರು. ಶಾಲೆಯ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಜನ ಅಳುತ್ತಾರೆಂದು ನಾವು ನಿರೀಕ್ಷಿಸಿದ್ದೆವೋ ಏನೋ. ಅವರು ಹೆಲಿಕಾಪ್ಟರ್ ಬಂದ ದಿಕ್ಕು ಸರಿಯಾಗಿದೆಯೇ ಎಂದು ತಮ್ಮತಮ್ಮಲ್ಲೇ ಚರ್ಚಿಸಿದರು, ಪರದೆಯ ಮೇಲೆ ತಮ್ಮ ತೋಡನ್ನು ಗುರುತಿಸಿ ನಕ್ಕರು. ಮುಗಿದ ಮೇಲೆ ಹಿರಿಯರೊಬ್ಬರು ಬಂದು, ಇದರ ಸಿಡಿ ಒಂದು ಕೊಡಿ, ಮಾಸಾಶನದ ಅರ್ಜಿಯ ಜೊತೆ ಲಗತ್ತಿಸುತ್ತೇನೆ ಎಂದರು. ನಮ್ಮ ಚಿತ್ರಕ್ಕೆ ಬಂದ ವಿಮರ್ಶೆಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಅದಕ್ಕೇ. ಕಾಲೇಜಿನ ಪ್ರದರ್ಶನದಲ್ಲಿ ಚಪ್ಪಾಳೆ ಜೋರಾಗಿಯೇ ಇತ್ತು, ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ.

ಆ ಬ್ಯಾಚಿನಲ್ಲಿ ಸಿನಿಮಾ ಕ್ಷೇತ್ರಕ್ಕೆ ಹೋದವರು ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಂಕು, ಶಾಲೆ, ಕೊಲ್ಲಿ ದೇಶಗಳ ಕಚೇರಿ ಎಂದು ಚದುರಿದ್ದೇವೆ. ಆದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದ ದಿನ ನಮ್ಮ ವಾಟ್ಸ್ಆ್ಯಪ್ ಗುಂಪು ರಾತ್ರಿಯವರೆಗೂ ಎಚ್ಚರವಾಗಿತ್ತು. ಗಡಿಯ ಈಚಿನವರ ಗತಿಯೇನು ಎಂದು ಮೊದಲು ಕೇಳಿದವನು ದುಬೈಯಲ್ಲಿರುವ ಗೆಳೆಯ. ಇಂದಿನ ವಿದ್ಯಾರ್ಥಿಗಳ ಜೇಬಿನಲ್ಲಿ ನಮ್ಮ ಹ್ಯಾಂಡಿಕ್ಯಾಮಿಗಿಂತ ಒಳ್ಳೆಯ ಕ್ಯಾಮೆರಾ ಇದೆ, ಕಡಲ್ಕೊರೆತ, ಮೀನಿನ ಬರ, ಅಡಿಕೆಯ ಎಲೆಚುಕ್ಕಿ ರೋಗದಂಥ ವಿಷಯಗಳು ಮನೆಬಾಗಿಲಲ್ಲೇ ಇವೆ. ಕ್ಯಾಮೆರಾ ಇಲ್ಲದ ಮೊದಲ ಭೇಟಿಯ ನಿಯಮವನ್ನು ಮಾತ್ರ ವಿಭಾಗ ಕೈಬಿಡದಿರಲಿ.

ನಾವು ಚಿತ್ರೀಕರಣಕ್ಕೆ ಬಳಸಿದ ಮಿನಿ ಡಿವಿ ಟೇಪುಗಳಿಗೆ ಆಯುಷ್ಯ ಕಡಿಮೆ, ಕರಾವಳಿಯ ತೇವದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಚಿತ್ರದಲ್ಲಿ ಸೇರದ ಸಂದರ್ಶನಗಳೆಲ್ಲ ಅವುಗಳಲ್ಲೇ ಇವೆ, ಅಲ್ಲಿ ಮಾತನಾಡಿದ ಹಿರಿಯರಲ್ಲಿ ಹಲವರು ಈಗಿಲ್ಲ. ವಿಭಾಗದ ಕಪಾಟಿನಲ್ಲಿ ಅವು ಉಳಿದಿದ್ದರೆ ಡಿಜಿಟಲ್ ರೂಪಕ್ಕೆ ತರುವ ಖರ್ಚನ್ನು ಭರಿಸಲು ನಮ್ಮ ಬ್ಯಾಚ್ ಸಿದ್ಧವಿದೆ. ಒಂದು ಪ್ರತಿ ಗ್ರಂಥಾಲಯಕ್ಕೆ, ಇನ್ನೊಂದು ಆ ಊರಿನ ಶಾಲೆಗೆ ಎಂಬುದಷ್ಟೇ ನಮ್ಮ ಕೋರಿಕೆ.