ಎಮಿಷನ್ ಟೆಸ್ಟು, ನನ್ನ ಸ್ಕೂಟರು, ರಾಯಚೂರಿನ ಚಿಮಣಿ

ಹೋದ ಶನಿವಾರ ಸ್ಕೂಟರ್ ತಗೊಂಡು ಎಮಿಷನ್ ಟೆಸ್ಟಿಗೆ ಹೋಗಿದ್ದೆ. ಡೇಟ್ ಮುಗಿದು ಹನ್ನೊಂದು ದಿನ ಆಗಿತ್ತು, ಅಷ್ಟೂ ದಿನ ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸ್ ಕಂಡ್ರೆ ಸಾಕು ಬಸ್ಸಿನ ಮರೆ ಹುಡುಕೋ ಹಾಗಾಗಿತ್ತು. ಯಾಕಂದ್ರೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ ಹೊಗೆ ಮಿತಿ ಮೀರಿದ ಗಾಡಿಗೆ 10,000 ರೂಪಾಯಿವರೆಗೂ ದಂಡ, ಇಲ್ಲಾ 3 ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಬರೆದಿದಾರೆ. ಜೈಲಿಗೆ ಹಾಕಲ್ಲ ಗೊತ್ತು, ಆದ್ರೂ.

ಬಂಕ್ ಮೂಲೇಲಿ ವ್ಯಾನ್ ನಿಲ್ಲಿಸ್ಕೊಂಡಿರೋ ಹುಡುಗ ಸೈಲೆನ್ಸರ್ ಒಳಗೆ ಒಂದು ಪೈಪ್ ತೂರಿಸ್ದ, ನಂಬರ್ ಪ್ಲೇಟ್ ಫೋಟೋ ತೆಗ್ದ, ಎರಡು ನಿಮಿಷದಲ್ಲಿ ಕಾಗದ ಕೈಗೆ ಬಂತು. ಅದರಲ್ಲಿ ಇರೋದು ಕಾರ್ಬನ್ ಮಾನಾಕ್ಸೈಡ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಅಂತ ಮಾತ್ರ. ನಾವು ದಿನಾ ಆಪ್‌ನಲ್ಲಿ ನೋಡಿ ಗಾಬರಿ ಆಗೋ ಪಿಎಂ 2.5 ಇದೆಯಲ್ಲ, ಆ ಸಣ್ಣ ಧೂಳನ್ನ ಈ ಟೆಸ್ಟಲ್ಲಿ ಅಳೆಯೋದೇ ಇಲ್ಲ! "ಮುಂದಿನ್ ಸಲ ಎಲೆಕ್ಟ್ರಿಕ್ ತಗೊಂಬಿಡಿ ಅಣ್ಣಾ, ಹೊಗೇನೂ ಇರಲ್ಲ, ನನ್ನತ್ರ ಬರೋ ಕೆಲ್ಸಾನೂ ಇರಲ್ಲ" ಅಂದ, ತನ್ನ ಹೊಟ್ಟೆಪಾಡಿನ ಬಗ್ಗೆ ತಾನೇ ಜೋಕ್ ಮಾಡ್ಕೊಂಡು.

ಮನೆಗೆ ಬಂದು ಇದನ್ನ ಹೇಳಿದ್ರೆ ನಮ್ಮ ಭಾವ, ರಾಯಚೂರಿನವ್ರು, "ಹೊಗಿ ಎಲ್ಲಿ ಹೋಗ್ತದಪಾ, ನಮ್ಮ ಶಕ್ತಿನಗರಕ್ಕ ಬರ್ತದ" ಅಂದ್ರು. ಸುಳ್ಳಲ್ಲ. ಎಲೆಕ್ಟ್ರಿಕ್ ಗಾಡಿಗೂ ಕರೆಂಟ್ ಎಲ್ಲಿಂದಲಾದ್ರೂ ಬರ್ಬೇಕಲ್ಲ, ಅಲ್ಲಿರೋ ಶಾಖೋತ್ಪನ್ನ ವಿದ್ಯುತ್ ಸ್ಥಾವರ 1,720 ಮೆಗಾವ್ಯಾಟ್, ಉರಿಯೋದು ಕಲ್ಲಿದ್ದಲು.

ಆ ಮಾತು ತಲೆಗೆ ಹೊಕ್ಕಿ ರಾತ್ರಿ ಕೂತು ಒಂದಷ್ಟು ಓದಿದೆ. ಕಲ್ಲಿದ್ದಲು ಸ್ಥಾವರಗಳು ಇಷ್ಟೇ ಗಂಧಕದ ಡೈಆಕ್ಸೈಡ್ ಬಿಡಬೇಕು ಅಂತ ಕೇಂದ್ರ ಪರಿಸರ ಇಲಾಖೆ ನಿಯಮ ಮಾಡಿದ್ದು 2015ರ ಡಿಸೆಂಬರ್‌ನಲ್ಲಿ. ಅದಕ್ಕೆ ಎಫ್‌ಜಿಡಿ ಅಂತ ಒಂದು ವ್ಯವಸ್ಥೆ ಹಾಕ್ಬೇಕು, ಚಿಮಣಿಗೆ ಹೋಗೋ ಹೊಗೆನ ಸುಣ್ಣದಕಲ್ಲು ಕದಡಿದ ನೀರಲ್ಲಿ ತೊಳೆಯೋದು ಅಂದ್ಕೊಳ್ಳಿ. 2017ಕ್ಕೆ ಮುಗೀಬೇಕಿತ್ತು. ಆಮೇಲೆ 2022 ಅಂದ್ರು, ಆಮೇಲೆ ಇನ್ನೂ ಮುಂದೆ, ಕೊನೆಗೆ 2025ರ ಜುಲೈನಲ್ಲಿ ಸುಮಾರು 78% ಘಟಕಗಳಿಗೆ ಅದು ಬೇಡವೇ ಬೇಡ ಅಂತ ಬಿಟ್ಟೇಬಿಟ್ರು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಮ್ಮಿ, ಗಾಳೀಲಿ ಆ ಅನಿಲ ಮಿತಿಯೊಳಗೇ ಇದೆ ಅನ್ನೋದು ಸರ್ಕಾರದ ವಾದ. ಇರಬಹುದು, ಆದ್ರೆ ಆ ಅನಿಲ ಅನಿಲವಾಗೇ ಉಳಿಯಲ್ವಲ್ಲ, ಗಾಳೀಲಿ ಹೋಗ್ತಾ ಹೋಗ್ತಾ ಸಲ್ಫೇಟ್ ಕಣ ಆಗತ್ತೆ, ಅದೂ ಪಿಎಂ 2.5ರಲ್ಲೇ ಸೇರತ್ತೆ.

ನನಗೆ ಹೊಟ್ಟೆ ಉರಿದಿದ್ದು ಬೇರೆ ಕಾರಣಕ್ಕೆ. ಈ ಮುಂದೂಡೋ ಕೆಲಸ ಯಾವುದೂ ಸಂಸತ್ತಿಗೆ ಬಂದು, ಚರ್ಚೆ ಆಗಿ, ಮತ ಹಾಕಿ ಆಗಿದ್ದಲ್ಲ, ಎಲ್ಲಾ ಸರ್ಕಾರಿ ಆದೇಶ, ಅಧಿಸೂಚನೆಗಳಲ್ಲೇ. ಗಾಳಿಗೆ ಅಂತ ನಮಗಿರೋ ಮುಖ್ಯ ಕಾಯ್ದೆ 1981ರದ್ದು. ಅದರಲ್ಲಿ ಮಿತಿ ಮೀರಿ ಹೊಗೆ ಬಿಟ್ಟ ಕಾರ್ಖಾನೆಯವರಿಗೆ ಜೈಲು ಇತ್ತು, 2023ರ ಜನ ವಿಶ್ವಾಸ ಕಾಯ್ದೆ ಬಂದು ಅದನ್ನ ತೆಗೆದು 10,000ದಿಂದ 15 ಲಕ್ಷದವರೆಗೆ ದಂಡ ಅಂತ ಮಾಡ್ತು. ಅಂದ್ರೆ ನನ್ನ ಸ್ಕೂಟರಿನ ದಂಡ ಎಲ್ಲಿ ಮುಗಿಯತ್ತೋ ಕಾರ್ಖಾನೆ ದಂಡ ಅಲ್ಲಿಂದ ಶುರು. ಎರಡು ಸಲ ಓದಿದೆ, ಹೌದು, ಹಾಗೇ ಇದೆ.

ಹವಾಮಾನದ ವಿಷ್ಯದಲ್ಲಂತೂ ಇದಕ್ಕೆ ಅಂತಲೇ ಒಂದು ಸಮಗ್ರ ಕಾಯ್ದೆ ಇಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳ್ತು, ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನೋ ದೊಡ್ಡ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯೋ ಕೇಸಲ್ಲಿ. 2070ಕ್ಕೆ ನೆಟ್ ಜೀರೋ, ಅಂದ್ರೆ ಬಿಡೋ ಇಂಗಾಲ ಹೀರ್ಕೊಳ್ಳೋ ಇಂಗಾಲ ಸರಿಸಮ, ಅನ್ನೋದು 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಕೊಟ್ಟ ಮಾತು, ಕಾಯ್ದೆ ಅಲ್ಲ. ಬ್ರಿಟನ್‌ನವ್ರು 2008ರಲ್ಲೇ ಇಂಗಾಲ ಎಷ್ಟು ಪರ್ಸೆಂಟು, ಯಾವ ಇಸವಿಯೊಳಗೆ ಇಳಿಸ್ಬೇಕು ಅನ್ನೋದನ್ನ ಕಾಯ್ದೆ ಒಳಗೇ ಬರೆದು, ಲೆಕ್ಕ ಕೇಳೋಕೆ ಬೇರೆ ಸಮಿತಿ ಇಟ್ರು. ನಮ್ಮಲ್ಲಿ ಯಾರಾದ್ರೂ ಎಂಪಿ ಖಾಸಗಿ ಮಸೂದೆ ತಂದ್ರೂ ಅದರ ಚರ್ಚೆಗೆ ಸಿಗೋದು ಶುಕ್ರವಾರ ಮಧ್ಯಾಹ್ನ ಮಾತ್ರ, 1970ರಿಂದ ಈಚೆಗೆ ಅಂಥದ್ದು ಒಂದೂ ಎರಡೂ ಸದನ ದಾಟಿಲ್ಲ. ಹಂಗಾಗಿ ಸರ್ಕಾರವೇ ತರ್ಬೇಕು, ತಂದ್ರೆ ನನ್ನ ಬೇಡಿಕೆ ಒಂದೇ, ಗಡುವಿನ ಇಸವಿ ಕಾಯ್ದೆಯಲ್ಲೇ ಇರ್ಲಿ, ಬದಲಾಯಿಸ್ಬೇಕಾದ್ರೆ ಸಂಸತ್ತಲ್ಲಿ ಎದ್ದು ನಿಂತು ಯಾಕೆ ಅಂತ ಹೇಳ್ಲಿ.

ಆಗಲ್ಲ ಅನ್ಬೇಡಿ. ಗಾಡಿ ಹೊಗೆಗೆ ಮಿತಿ ಹಾಕೋ ಭಾರತ್ ಸ್ಟೇಜ್ ನಿಯಮ, ಬಿಎಸ್ 6, ಆಯ್ತಲ್ಲ. ಬಿಎಸ್ 5 ಬಿಟ್ಟು ನೇರ 6ಕ್ಕೆ ಹಾರಿದ್ವಿ, 2020ರ ಏಪ್ರಿಲ್ 1 ಅಂದ್ರೆ ಏಪ್ರಿಲ್ 1, ಇಂಧನದಲ್ಲಿ ಗಂಧಕ 50 ಪಿಪಿಎಂ ಇದ್ದಿದ್ದು 10ಕ್ಕೆ ಇಳೀತು. ಕೋರ್ಟ್ ಹಿಂದೆ ನಿಂತಿತ್ತು ಅನ್ನೋದೂ ನಿಜ.

ಭಾವನಿಗೆ ಇಷ್ಟೆಲ್ಲಾ ಹೇಳಿ ಮುಗಿಸೋ ಹೊತ್ತಿಗೆ ಅವ್ರು ಮೆಲ್ಲಗೆ ತಮ್ಮ ಬೈಕಿನ ಕಾಗದ ತೋರಿಸಿದ್ರು. ಕೆಎ 36 ಗಾಡಿ, ಟೆಸ್ಟ್ ಮುಗಿದು ನಾಲ್ಕು ತಿಂಗಳು. ನಾಳೆ ಅದನ್ನೂ ಆ ಹುಡುಗನ ವ್ಯಾನ್ ಹತ್ರ ತಗೊಂಡು ಹೋಗ್ಬೇಕು.